ಕಾಕಾನ ಇಪ್ಪತ್ತು ಬಾವುಟಗಳು

ಕಾಕಾನ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಯಾವಾಗಲೂ ಒಂದು ಗೆರೆ ಕೆಂಪು ಇರುತ್ತಿತ್ತು. ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದಲ್ಲಿ ಅವರನ್ನು ಮೊದಲು ಕಂಡಾಗ, ನನ್ನ ಹೆಸರು ಬರೆದ ರಟ್ಟನ್ನು ಎದೆಗೆ ಅವಚಿಕೊಂಡಿದ್ದ ಆ ಕೈಯೇ ನನ್ನ ಕಣ್ಣಿಗೆ ಬಿದ್ದದ್ದು. ಡಾಕ್ಟರ ಬುದ್ಧಿ, ರಕ್ತ ಅಂದುಕೊಂಡೆ. ಹಣೆಯ ಮೇಲಿನ ವಿಭೂತಿ ನೋಡಿ, ಪೂಜೆ ಮುಗಿಸಿ ಬಂದಿದ್ದಾರೆ, ಕುಂಕುಮವಿರಬೇಕು ಅಂದುಕೊಂಡೆ. ಎರಡೂ ಅಲ್ಲ. ಅದು ಡೆನ್ಮಾರ್ಕ್ ದೇಶದ ಬಾವುಟದ ಬಣ್ಣ ಎಂದು ತಿಳಿಯಲು ಮೂರು ದಿನ ಬೇಕಾಯಿತು. ಬೈಲಹೊಂಗಲ ಕಡೆಯ ಒಬ್ಬ ಮನುಷ್ಯನ ಉಗುರಿಗೆ ಡೆನ್ಮಾರ್ಕ್ ಯಾಕೆ ಮೆತ್ತಿಕೊಂಡಿತು ಎಂಬುದು ಮಾತ್ರ ಇವತ್ತಿಗೂ ತಿಳಿದಿಲ್ಲ.

ನಾನು ಮೈಸೂರಿನಲ್ಲಿ ಕಣ್ಣಿನ ಡಾಕ್ಟರಾಗಿ, ಎಜ್‌ಬಾಸ್ಟನ್ನಿನ ಒಂದು ಆಸ್ಪತ್ರೆಯ ಕೆಲಸಕ್ಕೆಂದು ಬಂದವಳು. ಅದು ಎರಡು ಸಾವಿರದ ಹನ್ನೆರಡು. ರೂಮು ಸಿಗುವವರೆಗೆ ಎರಡು ವಾರ ಇರುತ್ತೇನೆ ಎಂದು ಪಕ್ಕದ ಸೊಲಿಹಲ್‌ನ ಅವರ ಮನೆಗೆ ಹೋದವಳು ನಾಲ್ಕು ವರ್ಷ ಅಲ್ಲೇ ಬೇರೂರಿದೆ. ನಮ್ಮ ಕಡೆ 'ಕಾಕಾ' ಅನ್ನುವ ರೂಢಿ ಇಲ್ಲ. ಕಾರಿನಲ್ಲಿ ಕೂತು 'ಅಂಕಲ್' ಎಂದದ್ದಕ್ಕೆ, "ಅಂಕಲ್ ಈ ಊರಾಗ ಓಣಿಗೆ ಹತ್ತು ಮಂದಿ ಸಿಗ್ತಾರ, ಕಾಕಾ ಅನ್ನು" ಎಂದರು. ಬಾಳೆಹಣ್ಣು ಕೊಟ್ಟರು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರು, ಗಾಡಿ ಹೊರಡಿಸುವ ಮುಂಚೆ ಈ ದೇಶದಲ್ಲಿ ಬದುಕಲು ಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದರು: "GP ಡಾಕ್ಟರ ಕಡೆ ಹೆಸರು ಹಚ್ಚು. ಕೌನ್ಸಿಲ್ ಟ್ಯಾಕ್ಸಿನ ಕಾಗದ ಬಂದ್ರ ಎಸೀಬ್ಯಾಡ. ಬಿಸಿಲು ಬಿತ್ತಂದ್ರ ಕೈಯಾಗಿನ ಕೆಲಸ ಬಿಟ್ಟು ಹೊರಗ ಹೋಗಿ ನಿಂದ್ರು."

ಸುತ್ತಮುತ್ತಲಿನ ಕನ್ನಡದವರಿಗೆಲ್ಲ ಅವರೇ ವಿಮಾನ ನಿಲ್ದಾಣ. ಕಾರು ಕಾರ್ಖಾನೆಯಲ್ಲಿ ಅಚ್ಚು, ಸಲಕರಣೆ ಮಾಡುವ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದರು. ಯಾರದೋ ಅತ್ತೆ ಬರುತ್ತಾರೆ, ಯಾರದೋ ತಮ್ಮ ಓದಲು ಬರುತ್ತಾನೆ ಎಂದರೆ ಸಾಕು, ವಿಮಾನ ಇಳಿಯುವ ಒಂದೂವರೆ ತಾಸು ಮುಂಚೆ ಕಾಕಾ ರಟ್ಟು ಹಿಡಿದು ಹಾಜರು. ಬಂದವರ ಕೈಯಲ್ಲಿ ಒಂದು ಚೀಲವನ್ನೂ ಹೊರಿಸುತ್ತಿರಲಿಲ್ಲ. ನಾನು ಕಂಡ ಹಾಗೆ ತಪ್ಪಿದ್ದು ಒಂದೇ ಸಲ, ತಾರೀಖು ತಪ್ಪು ಬರೆದುಕೊಂಡಿದ್ದೆ ಎಂದರು, ಬಳ್ಳಾರಿಯ ಗಂಡ ಹೆಂಡತಿ ಟ್ಯಾಕ್ಸಿ ಮಾಡಿಕೊಂಡು ಬರಬೇಕಾಯಿತು. ಸೊಲಿಹಲ್‌ನಲ್ಲಿ ಹಾಲು ತರುವುದಕ್ಕೂ ಕಾರೇ ಬೇಕು. ಆದರೆ ಕಾಕಾನಿಗೆ ಕಾರೆಂದರೆ ಹಾಲಲ್ಲ, ಹೀಗೆ ಯಾರನ್ನಾದರೂ ಎದುರುಗೊಳ್ಳುವುದು. ಮಕ್ಕಳಿಲ್ಲದ ಮನೆ ಅದು, ಆದರೂ ಆ ಮನೆಯ ಫೋನು ಸುಮ್ಮನಿದ್ದುದನ್ನು ನಾನು ಕಾಣೆ.

ಇನ್ನು ಹಡಗುಗಳು. ಊಟದ ಕೋಣೆಯ ಮೇಜಿನ ಮೇಲೆ ಯಾರೂ ಊಟ ಮಾಡಿದ್ದೇ ಇಲ್ಲ. ಅಲ್ಲಿ, ಕಪಾಟಿನಲ್ಲಿ, ಕಿಟಕಿಯ ಕಟ್ಟೆಯ ಮೇಲೆ, ಕೊನೆಗೆ ವಾಷಿಂಗ್ ಮಷೀನಿನ ತಲೆಯ ಮೇಲೂ ಡೆನ್ಮಾರ್ಕಿನ ಯುದ್ಧನೌಕೆಗಳು. ಹಾಯಿಯ ಕಾಲದವು, ಹೊಗೆಕೊಳವೆಯ ಕಾಲದವು, ಎಲ್ಲವೂ ಅವರ ಕೈಯಲ್ಲೇ ಮರ, ತಗಡು, ದಾರದಿಂದ ಆದವು. ಎಲ್ಲ ಹಡಗಿನ ಹಿಂದೆಯೂ ಒಂದು ಬಾವುಟ, ಒದ್ದೆ ಬಟ್ಟೆಯ ಹಾಗೆ ಕಂಬಕ್ಕೆ ಜೋತುಬಿದ್ದಿರುತ್ತಿತ್ತು. "ಎಲ್ಲಾರೂ ಬಾವುಟಕ್ಕ ಗಾಳಿ ಹಚ್ಚಿ ಮಾಡ್ತಾರ. ಬಂದರದಾಗ ನಿಂತ ಹಡಗಕ್ಕ ಅಷ್ಟು ಗಾಳಿ ಎಲ್ಲಿಂದ ಬರಬೇಕು?" ಎನ್ನುವುದು ಅವರ ವಾದ. ಧೂಳು ಹೊಡೆಯುವ ಕೆಲಸ ಕಾಕುವಿನದು, ಅಂದರೆ ಅವರ ಹೆಂಡತಿಯದು. "ಒಂದು ತೋಪು ಒರಸಾಕ ಹೋದ್ರ ಇನ್ನೊಂದು ಮುರೀತದ. ಮುರದ್ರ ಮೂರು ದಿನ ಮಾತಿಲ್ಲ. ಯುದ್ಧ ಮಾಡಿದವ್ರಿಗೂ ಇಷ್ಟು ತ್ರಾಸ ಆಗಿರಾಕಿಲ್ಲ" ಎಂದು ಅವರು ಗೊಣಗುವುದನ್ನು ವಾರಕ್ಕೊಮ್ಮೆ ಕೇಳುತ್ತಿದ್ದೆ.

ಡೆನ್ಮಾರ್ಕೇ ಯಾಕೆ ಎಂದು ಕೇಳಿದಾಗಲೆಲ್ಲ ಬೇರೆ ಬೇರೆ ಉತ್ತರ. ಒಮ್ಮೆ, ಕಾರ್ಖಾನೆಗೆ ಸೇರಿದ ಹೊಸತರಲ್ಲಿ ಲೈಬ್ರರಿಯಲ್ಲಿ ಅದೊಂದೇ ಪುಸ್ತಕದಲ್ಲಿ ಚಿತ್ರ ಹೆಚ್ಚಿದ್ದವು, ಇಂಗ್ಲಿಷ್ ಬರುತ್ತಿರಲಿಲ್ಲ ಎಂದರು. ಇನ್ನೊಮ್ಮೆ, ದೊಡ್ಡ ದೇಶದವರ ಹಡಗು ಎಲ್ಲರೂ ಮಾಡುತ್ತಾರೆ, ಸಣ್ಣವರದನ್ನು ಯಾರು ಮಾಡಬೇಕು ಎಂದರು. ಮತ್ತೊಮ್ಮೆ, "ನಮ್ಮೂರಾಗ ಮಲಪ್ರಭಾ ಬಿಟ್ರ ನಾ ನೀರ ನೋಡಿಲ್ಲ, ಅದಕ್ಕ" ಎಂದರು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಕಾಕು ಮಾತ್ರ, ಮದುವೆಯಾದ ಎಷ್ಟೋ ವರ್ಷಕ್ಕೆ ಊರಿಗೆ ಹೋದಾಗ ತನ್ನನ್ನು ತವರಿಗೆ ಕರೆದೊಯ್ಯುವ ಬದಲು ತಮಿಳುನಾಡಿನ ತರಂಗಂಬಾಡಿಗೆ ಕರೆದೊಯ್ದದ್ದನ್ನು ಮರೆತಿರಲಿಲ್ಲ. ಅಲ್ಲಿ ಸಮುದ್ರದ ದಂಡೆಯಲ್ಲಿ ಡೇನಿಷರು ಕಟ್ಟಿದ ಕೋಟೆ ಇದೆ. "ಆ ಬಿಸಲಾಗ ಆ ಕ್ವಾಟಿ ಸುತ್ತ ಮೂರು ಸುತ್ತು ಹಾಕಿಸಿದ್ರು ತಂಗಿ. ನಾ ಗುಡಿ ಅದ ಅಂತ ತಿಳದು ಕೈ ಮುಗದೆ."

ನಾನಿದ್ದ ಕಾಲಕ್ಕೆ ಅವರು ಮಾಡುತ್ತಿದ್ದದ್ದು ಒಂದು ವಿಚಿತ್ರ ಹಡಗು. ಅದು ತೇಲುತ್ತಿರಲಿಲ್ಲ, ಪಕ್ಕಕ್ಕೆ ಮಗುಚಿ ಅರ್ಧ ನೀರಿನಲ್ಲಿತ್ತು. ಎರಡನೇ ಮಹಾಯುದ್ಧದಲ್ಲಿ ಡೆನ್ಮಾರ್ಕ್ ಜರ್ಮನರ ಕೈಗೆ ಸಿಕ್ಕಿತ್ತು. ಮೂರು ವರ್ಷದ ಮೇಲೆ ಒಂದು ಆಗಸ್ಟ್ ತಿಂಗಳಲ್ಲಿ ಅವರು ನೌಕಾಪಡೆಯನ್ನೂ ಹಿಡಿಯಲು ಬಂದಾಗ, ಕೋಪನ್‌ಹೇಗನ್ನಿನ ಬಂದರಿನಲ್ಲಿದ್ದ ನಾವಿಕರು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿಬಿಟ್ಟರು. ಅದಕ್ಕೂ ನೂರಮೂವತ್ತಕ್ಕೂ ಹೆಚ್ಚು ವರ್ಷ ಮುಂಚೆ ಇಂಗ್ಲಿಷರು ಅದೇ ಊರಿಗೆ ಗುಂಡು ಸುರಿಸಿ ಇಡೀ ಹಡಗುಪಡೆಯನ್ನು ಎಳೆದುಕೊಂಡು ಹೋಗಿದ್ದರು. ಇದನ್ನೆಲ್ಲ ಕಾಕಾ ನಿನ್ನೆ ಪಕ್ಕದ ಮನೆಯಲ್ಲಿ ನಡೆದ ಜಗಳದ ಹಾಗೆ ಹೇಳುತ್ತಿದ್ದರು. ಮುಳುಗಿದ ಹಡಗನ್ನು ಯಾಕೆ ಇಷ್ಟು ಕಷ್ಟಪಟ್ಟು ಮಾಡುತ್ತಾರೆ ಎಂದು ನನಗೆ ಅರ್ಥವಾಗುತ್ತಿರಲಿಲ್ಲ. ನನ್ನ ತಲೆಯೂ ಆಗ ನೆಟ್ಟಗಿರಲಿಲ್ಲ. ಕಣ್ಣಿನ ಡಾಕ್ಟರಿಗೆ ಇಲ್ಲಿ ಇಡುವ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೆ. ಎರಡು ಸಲವೂ ರೋಗಿಯನ್ನು ಎದುರಿಗೆ ಕೂರಿಸಿ ಏನು ರೋಗ ಹೇಳು ಎಂದಾಗ ತಡವರಿಸಿದ್ದೆ. ಮೂರನೆಯದೂ ಹೋದರೆ ಕೆಲಸ ಮುಂದುವರಿಯುತ್ತಿರಲಿಲ್ಲ.

ಅದೊಂದು ಭಾನುವಾರ ಬೆಳಿಗ್ಗೆ, ಆಸ್ಪತ್ರೆಯ ಪಾಳಿಯಲ್ಲಿ ನನಗೆ ರಜೆ. ಅಡುಗೆಮನೆಗೆ ಇಳಿದು ಬಂದರೆ ಮೇಜಿನ ಮೇಲೆ ಒಂದು ತೆಳು ಕಾಗದ, ಅದರ ತುಂಬ ಒಣಗಲು ಬಿಟ್ಟ ಪುಟ್ಟ ಪುಟ್ಟ ಬಾವುಟಗಳು. ಇಪ್ಪತ್ತು ಇದ್ದವು. ಟೂಲ್‌ರೂಮಿನ ಅಭ್ಯಾಸ, ಇಪ್ಪತ್ತು ಮಾಡಿ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತಿದ್ದರು. ಕೆಂಪು ಹಾಸಿನ ಮೇಲೆ ಬಿಳಿಯ ಶಿಲುಬೆ. ಚಹಾದ ಲೋಟ ಹಿಡಿದು ಸುಮ್ಮನೆ ನೋಡಿದೆ. ಒಂದರಲ್ಲೂ ಶಿಲುಬೆ ನಡುವೆ ಇರಲಿಲ್ಲ. ಇಪ್ಪತ್ತರಲ್ಲೂ ಅದು ಎಡಕ್ಕೆ ಸರಿದಿತ್ತು, ಅಳೆದ ಹಾಗೆ ಒಂದೇ ಸಮ.

ಮಿದುಳಿಗೆ ಪೆಟ್ಟಾದಾಗ ಕೆಲವರಿಗೆ ನೋಟದ ಒಂದು ಪಕ್ಕವೇ ಹೋಗಿಬಿಡುತ್ತದೆ, ಹೋಗಿದೆ ಎಂದು ಅವರಿಗೇ ಗೊತ್ತಾಗುವುದಿಲ್ಲ. ಒಂದು ಗೆರೆ ಎಳೆದು ನಡುವೆ ಗುರುತು ಹಾಕಿ ಎಂದರೆ ಕಾಣದ ಪಕ್ಕಕ್ಕೆ ಸರಿಸಿ ಹಾಕುತ್ತಾರೆ. ಇದನ್ನು ನಾನು ಆ ತಿಂಗಳು ನೂರು ಸಲ ಓದಿದ್ದೆ. ಮೂವತ್ತು ವರ್ಷ ಕೂದಲೆಳೆಯ ಅಳತೆಯಲ್ಲಿ ಕೆಲಸ ಮಾಡಿದ ಕೈ ಒಂದು ಬಾವುಟದ ನಡುವನ್ನು ತಪ್ಪುತ್ತದೆಯೇ?

"ಕಾಕಾ, ಇಲ್ಲಿ ಬನ್ನಿ, ಕೂತ್ಕೊಳ್ಳಿ. ಈ ಬಾವುಟ ನೋಡಿ, ಎಲ್ಲ ಎಡಕ್ಕೆ ಹೋಗಿದೆ. ಕಣ್ಣಲ್ಲಿ ಏನಾದ್ರೂ ತೊಂದರೆ ಅನ್ಸುತ್ತಾ?" ಎಂದೆ.

ಅವರು ಬಾವುಟಗಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕುರ್ಚಿ ಎಳೆದು ನನ್ನ ಎದುರಿಗೆ ಕೂತರು.

"ನನ್ನ ಮೂಗನ್ನೇ ನೋಡ್ತಾ ಇರಿ. ಎಷ್ಟು ಬೆರಳು?" ಬಲಗಡೆ ಎಲ್ಲ ಸರಿ ಹೇಳಿದರು. ಎಡಗಡೆ ಎರಡು ಬೆರಳು ಹಿಡಿದೆ. "ಒಂದು" ಎಂದರು. ಮತ್ತೆ ಹಿಡಿದೆ. "ಏನೂ ಕಾಣವಲ್ದು" ಎಂದರು.

"ಪೂರ್ತಿ ಪರೀಕ್ಷೆ ಆಗೋವರೆಗೆ ನೀವು ಕಾರ್ ಓಡಿಸ್ಬಾರ್ದು ಕಾಕಾ." ಆ ಮನುಷ್ಯನಿಂದ ಕಾರು ಕಿತ್ತುಕೊಳ್ಳುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಕೂಗಾಡುತ್ತಾರೆ, ನಿನ್ನೆ ಮೊನ್ನೆ ಬಂದವಳು ಎನ್ನುತ್ತಾರೆ ಎಂದು ಕಾದೆ. ಕಾಕಾ ಎದ್ದು ಹೋಗಿ ಬಾಗಿಲ ಪಕ್ಕದ ಮೊಳೆಯಿಂದ ಬೀಗದಕೈ ತಂದು ನನ್ನ ಅಂಗೈಯಲ್ಲಿಟ್ಟರು. "ನೀ ಹೇಳಿದ ಮ್ಯಾಲೆ ಮುಗೀತಲ್ಲವ್ವಾ" ಎಂದರು. ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದ ಕಾಕು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಅದು ನನಗೆ ವಿಚಿತ್ರವೆನಿಸಬೇಕಿತ್ತು. ಎನಿಸಲಿಲ್ಲ.

ಅವರ GPಗೆ ಹೇಳಿ ಆಸ್ಪತ್ರೆಗೆ ಕಾಗದ ಹಾಕಿಸಿದೆವು. ಸರದಿ ಬರಲು ತಿಂಗಳುಗಳು. ಅಷ್ಟರಲ್ಲಿ ಕಾಕಾ ಊರಿಗೆಲ್ಲ ಸಾರಿದರು. ವಿಮಾನ ನಿಲ್ದಾಣಕ್ಕೆ ಬನ್ನಿ ಎಂದು ಫೋನು ಬಂದರೆ, "ಇಲ್ರೀ, ನಮ್ಮ ಡಾಕ್ಟರವ್ವ ಬ್ಯಾಡ ಅಂದಾಳ. ಬರೀ ಬಾವುಟ ನೋಡಿ ನನ್ನ ಕಣ್ಣಿನ ರೋಗ ಹಿಡದಾಳ್ರೀ!" ಎನ್ನುತ್ತಿದ್ದರು. ಯುಗಾದಿಯ ಊಟದಲ್ಲಿ ಅಪರಿಚಿತರು ಬಂದು ನನ್ನ ಕೈಕುಲುಕಿದರು. ನಾಚಿಕೆಯೂ ಆಯಿತು, ಒಳಗೊಳಗೆ ಉಬ್ಬಿಯೂ ಹೋದೆ. ಮೂರನೆಯ ಸಲ ಪರೀಕ್ಷೆಯ ಕೋಣೆಗೆ ಹೋದಾಗ ನಾನು ತಡವರಿಸಲಿಲ್ಲ. ಅಡುಗೆಮನೆಯಲ್ಲಿ ಹಿಡಿದವಳು ಇಲ್ಲಿ ಹಿಡಿಯಲಾರೆನೇ ಎಂಬ ಧೈರ್ಯ. ಪಾಸಾದೆ. ಕಾಕಾ ಓಣಿಯ ಇಂಗ್ಲಿಷರಿಗೂ ಪೇಡೆ ಹಂಚಿದರು.

ಆ ಬೇಸಿಗೆ ಮ್ಯಾಂಚೆಸ್ಟರಿನ ಒಂದು ಶಾಲೆಯ ಸಭಾಂಗಣದಲ್ಲಿ ಮಾದರಿ ಹಡಗುಗಳ ಪ್ರದರ್ಶನ. ಕಾಕಾ ಕಾರು ಓಡಿಸುವಂತಿರಲಿಲ್ಲ, ನಾನು ಡ್ರೈವಿಂಗ್ ಕಲಿತಿರಲಿಲ್ಲ. ಮುಳುಗಿದ ಹಡಗನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತೊಡೆಯ ಮೇಲಿರಿಸಿಕೊಂಡು ರೈಲಿನಲ್ಲಿ ಹೋದೆವು. ನೋಡಲು ಬಂದವರೊಬ್ಬರು, ದಾರಿಯಲ್ಲಿ ಬಿದ್ದು ಒಡೆಯಿತೇ ಎಂದು ಮರುಗಿದರು. ಕಾಕಾ ತಾಳ್ಮೆಯಿಂದ ಕೋಪನ್‌ಹೇಗನ್ನಿನ ಕತೆ ಶುರುಮಾಡಿದರು. ಅದನ್ನು ಬಾಯಿಪಾಠವಾಗುವಷ್ಟು ಕೇಳಿದ್ದ ನಾನು ಬೇರೆ ಮೇಜುಗಳ ಕಡೆ ಹೊರಟೆ.

ನಾಲ್ಕು ಮೇಜಿನಾಚೆ ಯಾರೋ ಇಂಗ್ಲಿಷ್ ಮುದುಕರು ಮಾಡಿದ ಒಂದು ಡೇನಿಷ್ ಹಡಗು. ಅದರ ಬಾವುಟ ಗಾಳಿಗೆ ಬಿಚ್ಚಿಕೊಂಡಿತ್ತು. ಶಿಲುಬೆ ಕಂಬದ ಕಡೆಗೆ ಸರಿದಿತ್ತು. ಇವರ ಕಣ್ಣೂ ಹೋಗಿದೆಯೇ ಎಂದು ಒಂದು ಕ್ಷಣ ನಿಜವಾಗಿಯೂ ಅಂದುಕೊಂಡೆ, ಅಷ್ಟು ಪೆದ್ದಿ ನಾನು. ಪಕ್ಕದಲ್ಲಿ ಸ್ವೀಡನ್ನಿನ ಹಡಗು, ಅದೂ ಹಾಗೆ. ನಾರ್ವೆಯದೂ ಹಾಗೆ. ಗೋಡೆಯ ಮೇಲಿನ ಬಾವುಟಗಳ ಪಟದಲ್ಲಿ ಆ ಕಡೆಯ ದೇಶಗಳದ್ದೆಲ್ಲ ಹಾಗೆ. ಆ ಬಾವುಟದ ರಚನೆಯೇ ಅದು. ಕಾಕಾನ ಮನೆಯಲ್ಲಿ ಜೋತುಬಿದ್ದ ಬಾವುಟಗಳನ್ನಷ್ಟೇ ನೋಡಿದ್ದ ನನಗೆ ಅದು ಗೊತ್ತಿರಲಿಲ್ಲ. ಯುಗಾದಿಯಲ್ಲಿ ಕೈಕುಲುಕಿದ ಅಷ್ಟೂ ಜನ ಕಣ್ಣ ಮುಂದೆ ಬಂದರು.

ವಾಪಸ್ ರೈಲು ಸ್ಟೋಕ್ ನಿಲ್ದಾಣ ದಾಟಿದ ಮೇಲೆ ಕೇಳಿದೆ.

"ಕಾಕಾ, ಆ ಬಾವುಟದಲ್ಲಿ ಶಿಲುಬೆ ನಡುವೆ ಇರೋದೇ ಇಲ್ವಾ?"

"ಇಲ್ಲ. ಕಂಬದ ಕಡೆ ಸರದಿರ್ತದ."

"ನಿಮಗೆ ಗೊತ್ತಿತ್ತಾ?"

"ನಾಲ್ವತ್ತು ವರ್ಷದಿಂದ ಬರಿಯಾಕತ್ತೀನಿ ತಂಗಿ."

"ಮತ್ಯಾಕೆ ಹೇಳ್ಲಿಲ್ಲ? ಬೆರಳು ಕಾಣ್ಲಿಲ್ಲ ಅಂದ್ರಲ್ಲ, ಅದು?"

"ಅದು ಖರೇನ ಕಾಣಲಿಲ್ಲೋ ಏನೋ. ಈಗ ಹೆಂಗ ಹೇಳ್ಲಿ." ಮುಳುಗಿದ ಹಡಗಿದ್ದ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಾಡಿಸಿದರು. "ಕಸಗೊಂಡ್ರು ಅನ್ನೂದು ಬ್ಯಾರೆ, ತಾವ ಬಿಟ್ರು ಅನ್ನೂದು ಬ್ಯಾರೆ. ತಿಳೀತಿಲ್ಲೋ?"

ನನಗೆ ತಿಳಿಯಲಿಲ್ಲ. ಕೋಪ ಬಂತು.

ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ಅವರ ನೋಟವನ್ನು ಯಂತ್ರದಲ್ಲಿ ಅಳೆದರು. ಎಡ, ಬಲ, ಮೇಲೆ, ಕೆಳಗೆ, ಎಲ್ಲವೂ ಸರಿ. ವಯಸ್ಸಿಗೆ ಮೀರಿದ ಕಣ್ಣು ಎಂದು ಬರೆದುಕೊಟ್ಟರು. ನಾನು ಓಡಿಬಂದು ಬೀಗದಕೈ ಮುಂದೆ ಹಿಡಿದೆ, ತಪ್ಪಾಯಿತು ಎಂದೆ, ನಿಜಕ್ಕೂ ಅತ್ತೆ. ಅವರು ಮುಟ್ಟಲಿಲ್ಲ. "ನಿನ್ನ ಕಡೆ ಇರ್ಲಿ. ನೀನ ಕಲಿ, ನಾ ಬಾಜೂಕ ಕುಂದರ್ತೀನಿ" ಎಂದರು. ಹಾಗೆ ನಾನು ಅವರ ಕಾರಿನಲ್ಲೇ ಡ್ರೈವಿಂಗ್ ಕಲಿತೆ. ಕಣ್ಣು ಸರಿ ಇರುವ ಮನುಷ್ಯ ಕಾರು ಯಾಕೆ ಬಿಟ್ಟ ಎಂದು ನಾನು ಎಷ್ಟು ಸಲ ಕೆದಕಿದರೂ, "ಗೇರ್ ಹಾಕು, ಹಿಂದ ಗಾಡಿ ಬರಾಕತ್ತೇತಿ" ಎಂಬುದಷ್ಟೇ ಉತ್ತರ.

ಆಮೇಲೆ ಮ್ಯಾಂಚೆಸ್ಟರಿನಲ್ಲಿ ಕೆಲಸ ಸಿಕ್ಕಿ ಅಲ್ಲಿನ ಡಿಡ್ಸ್‌ಬರಿಗೆ ಹೋದೆ. ತಿಂಗಳಿಗೊಮ್ಮೆ ಬರುತ್ತಿದ್ದೆ. ಒಂದು ಸಲ ಕಾಕಾ ಅದೇ ಹಡಗಿನ ಅದೇ ತೋಪನ್ನು ಮೂರನೆಯ ಸಲ ಅಂಟಿಸುತ್ತಿದ್ದರು. ಇನ್ನೊಂದು ಸಲ ಬಾಗಿಲು ತೆರೆದು, ಯಾವ ವಿಮಾನಕ್ಕೆ ಬಂದೆ ಎಂದು ಕೇಳಿದರು. ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಆ ಮಧ್ಯಾಹ್ನ ಅವರು ಮಲಗಿದ ಮೇಲೆ ಕಾಕು ಬಟಾಣಿ ಸುಲಿಯುತ್ತ ಹೇಳಿದರು.

"ಆ ಬಳ್ಳಾರಿ ಗಂಡಾ ಹೆಂಡ್ತಿ ಟ್ಯಾಕ್ಸಿ ಮಾಡ್ಕೊಂಡು ಬಂದಿದ್ರಲ್ಲ, ನೆನಪದ? ತಾರೀಖು ತಪ್ಪು ಬರಕೊಂಡಿದ್ದೆ ಅಂತ ಎಲ್ಲಾರಿಗೂ ಹೇಳಿದ್ರು. ಸುಳ್ಳು. ಹೋಗಿದ್ರು. ರಟ್ಟು ಮನಿಯಾಗ ಬಿಟ್ಟು ಹೋಗಿದ್ರು. ಕಾರ್ ಪಾರ್ಕಿನ್ಯಾಗ ಎರಡು ತಾಸು ಕುಂತ್ರಂತ, ಯಾರಿಗೆ ಕರಿಯಾಕ ಬಂದೀನಿ ಅನ್ನೂದು ತಲಿಗೆ ಹೊಳೀಲಿಲ್ಲಂತ. ಮನೀ ಹಾದಿ ತಪ್ಪಿ ಸಂಜೀಕ ಬಂದ್ರು. ಮುಂದಿನ ಐತವಾರ ನೀ ಬಾವುಟ ನೋಡಿದಿ."

"ನನಗೆ ಯಾಕೆ ಹೇಳ್ಲಿಲ್ಲ ಕಾಕು? ನಾನು ಡಾಕ್ಟ್ರಲ್ವಾ?"

"ಹೇಳಬ್ಯಾಡ ಅಂತ ಆಣಿ ಮಾಡಿಸಿದ್ರು. ಕಣ್ಣು ಹೋತು ಅಂದ್ರ ಮಂದಿ ಪಾಪ ಅಂತಾರ, ತಲಿ ಹೋತು ಅಂದ್ರ ನಗ್ತಾರ ಅಂದ್ರು. ಕಾರ್ ಬಿಡಬೇಕು ಅಂತ ಅವರಿಗೂ ಗೊತ್ತಿತ್ತು, ಮಂದೀಗೆ ಏನಂತ ಹೇಳೂದು? ನೀ ಒಂದು ಕಾರಣ ತಂದು ಕೊಟ್ಟಿ." ಕಾಕು ಬಟಾಣಿ ಬಟ್ಟಲನ್ನು ಪಕ್ಕಕ್ಕಿಟ್ಟರು. "ಇನ್ನೊಂದು ಮಾತೂ ಅಂದ್ರು. ಆ ಹುಡುಗಿ ಎರಡು ಸಲ ಫೇಲಾಗ್ಯಾಳ, ನಮ್ಮ ಮನಿಯಾಗರ ಒಮ್ಮೆ ಪಾಸಾಗ್ಲಿ ಅಂತ."

"ಇವೆರಡರಲ್ಲಿ ಯಾವ್ದು ನಿಜ ಕಾಕು?"

"ನನಗೇನ ಗೊತ್ತು ತಂಗಿ. ಅವರಿಗರ ಗೊತ್ತಿತ್ತೋ ಇಲ್ಲೋ."

ಒಂದೇ ಸೂರಿನಡಿ ಇದ್ದ ಡಾಕ್ಟರು ನಾನು, ಅವರ ಮರೆವು ಶುರುವಾಗಿದ್ದನ್ನು ಕಾಣಲಿಲ್ಲ. ಕಣ್ಣಿನಲ್ಲಿಲ್ಲದ ರೋಗವನ್ನು ಕಂಡೆ, ತಲೆಯಲ್ಲಿದ್ದುದನ್ನು ಬಿಟ್ಟೆ. ಆ ತಪ್ಪಿನಿಂದಲೇ ಅವರು ಕಾರು ಬಿಟ್ಟರು, ಯಾರಿಗೋ ಗುದ್ದುವುದು ತಪ್ಪಿರಬಹುದು. ಆ ತಪ್ಪಿನಿಂದಲೇ ಅವರ ನಿಜವಾದ ರೋಗ ಎರಡು ವರ್ಷ ಮುಚ್ಚಿಕೊಂಡೂ ಇತ್ತು. ಆ ತಪ್ಪಿನಿಂದಲೇ ನಾನು ಪಾಸಾದೆ. ಇದನ್ನು ಯಾವ ಕಡೆಯಿಂದ ಬಿಡಿಸಬೇಕು ಎಂದು ನನಗೆ ಇನ್ನೂ ಗೊತ್ತಾಗಿಲ್ಲ.

ಎರಡು ಸಾವಿರದ ಹತ್ತೊಂಬತ್ತರ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಕೊನೆಯ ವರ್ಷ ನಾನು ಯಾರೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಹೋದಾಗಲೆಲ್ಲ "ಬಾರವ್ವಾ, ಹಸಿವಿ ಆಗೇತೇನು" ಎನ್ನುತ್ತಿದ್ದರು, ಯಾರಿಗಾದರೂ ಅದನ್ನೇ ಅನ್ನುತ್ತಿದ್ದರು. ಮಣ್ಣು ಮಾಡಿದ ದಿನ ಮಳೆ ಜಿನುಗುತ್ತಿತ್ತು. ಎಷ್ಟೋ ಊರುಗಳಿಂದ ಬಂದಿದ್ದರು, ಒಬ್ಬೊಬ್ಬರೂ ತಮ್ಮನ್ನು ಈ ದೇಶದಲ್ಲಿ ಮೊದಲು ಎದುರುಗೊಂಡವರು ಅವರೇ ಎಂದು ಹೇಳಿಕೊಂಡು ಅತ್ತರು. ಅವರಲ್ಲಿ ಇಬ್ಬರು ನನ್ನ ಹತ್ತಿರ ಬಂದು, ಬಾವುಟ ನೋಡಿ ರೋಗ ಹಿಡಿದ ಡಾಕ್ಟರು ನೀವೇ ಅಲ್ಲವೇ ಎಂದರು. ಅಲ್ಲ ಎನ್ನಲು ಬಾಯಿ ತೆರೆದೆ. ಕಾಕು ದೂರದಿಂದ ನನ್ನನ್ನೇ ನೋಡುತ್ತಿದ್ದರು. ಹೌದು ಎಂದೆ.

ಇವತ್ತು ನನ್ನ ಕ್ಲಿನಿಕ್ಕಿನಲ್ಲಿ ವಾರಕ್ಕೆ ಒಬ್ಬರಿಗಾದರೂ ನೀವು ಇನ್ನು ಕಾರು ಓಡಿಸಬಾರದು ಎಂದು ಹೇಳಬೇಕಾಗುತ್ತದೆ. ಕೆಲವರು ರೇಗುತ್ತಾರೆ, ಕೆಲವರು ಅಳುತ್ತಾರೆ. ಖಂಡಿತವಾಗಿ ಗೊತ್ತಾ ಡಾಕ್ಟರ್, ಎಂದು ಎಲ್ಲರೂ ಕೇಳುತ್ತಾರೆ. ಗೊತ್ತು ಎನ್ನುತ್ತೇನೆ, ಯಂತ್ರದ ಕಾಗದ ತೋರಿಸುತ್ತೇನೆ, ಆದರೂ ಒಬ್ಬರೂ ಸುಲಭವಾಗಿ ಒಪ್ಪುವುದಿಲ್ಲ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಆ ಪ್ರಶ್ನೆ ಕೇಳದೆ ನನ್ನ ಮಾತಿಗೆ ತಲೆಬಾಗಿದವರು ಕಾಕಾ ಒಬ್ಬರೇ. ನಾನು ಹೇಳ ಹೊರಟಿದ್ದು ತಪ್ಪು ಎಂದು ಚೆನ್ನಾಗಿ ಗೊತ್ತಿದ್ದವರೂ ಅವರೊಬ್ಬರೇ.